ತಾತನ ಕಿವಿಗೂ ಒಗ್ಗುವ ರಾಕ್

ಮೆಜೆಸ್ಟಿಕ್‌ನಿಂದ ಪಶ್ಚಿಮಕ್ಕೆ ಹೊರಟ ನೇರಳೆ ಮಾರ್ಗದ ಮೆಟ್ರೊ, ನೆಲದೊಳಗಿನ ಸುರಂಗ ಬಿಟ್ಟು ಮೇಲಕ್ಕೆ ಏರಿ ಮಾಗಡಿ ರಸ್ತೆ ನಿಲ್ದಾಣದಲ್ಲಿ ನಿಲ್ಲುತ್ತದೆ. ಕಿಟಕಿಯಿಂದ ನೋಡಿದರೆ ಒಂದು ಕಡೆ ಎತ್ತರದ ಅಪಾರ್ಟ್‌ಮೆಂಟುಗಳು, ಇನ್ನೊಂದು ಕಡೆ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು, ನಡುವೆ ದೇವಸ್ಥಾನದ ಗೋಪುರ, ಟೆರೇಸಿನ ಮೇಲೆ ಒಣಗಲು ಹಾಕಿದ ಬಟ್ಟೆ. ಇದೇ ನಮ್ಮ ಬಿನ್ನಿಪೇಟೆ.

ಈ ಪೇಟೆಗೆ ಹೆಸರು ಬಂದದ್ದು ಬಿನ್ನಿ ಮಿಲ್ಲಿನಿಂದ. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯನ್ನು ಬಿನ್ನಿ ಕಂಪನಿ ನಡೆಸುತ್ತಿತ್ತು. ಗಿರಣಿಯ ಹೆಸರಿನಲ್ಲೇ ಮೂರು ಬಗೆಯ ಬಟ್ಟೆ ಇದೆ, ನೋಡಿದಿರಾ? ಆ ಮೂರನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ನಮಗೆ ಅವು ಬೇಕಾಗುತ್ತವೆ. ಮಿಲ್ಲಿನ ಕೂಗು ಕೇಳಿ ಅಡುಗೆಗೆ ಒಲೆ ಹಚ್ಚುತ್ತಿದ್ದ, ಮಕ್ಕಳನ್ನು ಸ್ಕೂಲಿಗೆ ಎಬ್ಬಿಸುತ್ತಿದ್ದ ಮನೆಗಳು ಇಲ್ಲಿ ಬೇಕಾದಷ್ಟಿದ್ದವು. ಈಗ ಗಿರಣಿ ಇಲ್ಲ. ಅದರ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದಿವೆ. ಆದರೆ ಗಿರಣಿಯಲ್ಲಿ ದುಡಿದ ಅಜ್ಜಂದಿರು ಇನ್ನೂ ಇದ್ದಾರೆ. ಅವರ ಕಿವಿಯೊಳಗೆ ಗಿರಣಿಯೂ ಸ್ವಲ್ಪ ಉಳಿದಿದೆ.

ನಮ್ಮ ಬೀದಿಯಲ್ಲಿ ಅಂಥ ಒಬ್ಬ ತಾತ ಇದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ನೇಯ್ಗೆ ವಿಭಾಗದಲ್ಲಿದ್ದವರು. ಅಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಓಡುತ್ತಿದ್ದವಂತೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರಿ ಮರದ ಪೆಟ್ಟಿಗೆಗೆ ಬಡಿಯುತ್ತದೆ, ಮತ್ತೆ ವಾಪಸು ಹಾರಿ ಬಡಿಯುತ್ತದೆ. ಒಂದೇ ನಿಮಿಷದಲ್ಲಿ ನೂರಕ್ಕೂ ಹೆಚ್ಚು ಸಲ, ಅದೂ ಪ್ರತಿಯೊಂದು ಮಗ್ಗದಲ್ಲಿ! “ಅಲ್ಲಿ ಮಾತು ಅಂದ್ರೆ ಕೈ, ಕಣ್ಣು, ತುಟಿ ಅಷ್ಟೇ ಕಣಪ್ಪ. ಪಕ್ಕದವನು ಕೂಗಿದ್ರೂ ಕೇಳಿಸ್ತಿರಲಿಲ್ಲ” ಎನ್ನುತ್ತಾರೆ ತಾತ. ಇಂಥ ಲಾಳಿ ಮಗ್ಗಗಳ ಶೆಡ್ಡಿನಲ್ಲಿ ಶಬ್ದ 100 ಡೆಸಿಬೆಲ್ ಆಸುಪಾಸಿಗೆ ಹೋಗುತ್ತದೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಎಂದು ತಜ್ಞರು ಹೇಳುತ್ತಾರೆ. ಅದಕ್ಕಿಂತ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಉಳಿಯುವುದು ಬರೀ ಕಾಲು ಗಂಟೆ. ತಾತ ಮಾಡಿದ್ದು ಪಾಳಿಗೆ ಎಂಟು ಗಂಟೆಯ ಕೆಲಸ.

ಆ ತಾತನ ಮೊಮ್ಮಗಳು ಒಂಬತ್ತನೇ ಕ್ಲಾಸು. ಅವಳ ಅಪ್ಪ ಕೆಲಸಕ್ಕೆಂದು ಪುಣೆಯಲ್ಲಿದ್ದಾರೆ. ಅಪ್ಪ ಕಾಲೇಜಿನಲ್ಲಿದ್ದಾಗ ಕೂಡಿಟ್ಟ ಒಂದು ಪೆಟ್ಟಿಗೆ ಎಲ್‌ಪಿ ತಟ್ಟೆಗಳು ಮನೆಯ ಅಟ್ಟದಲ್ಲಿದ್ದವು. ಎಲ್ಲಾ ಇಂಗ್ಲಿಷ್ ರಾಕ್: ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್, ಅಂಥವು. ಹುಡುಗಿ ಅವನ್ನು ಇಳಿಸಿ, ಒರೆಸಿ, ಅಪ್ಪನ ಹಳೇ ಟರ್ನ್‌ಟೇಬಲ್‌ನಲ್ಲಿ ಹಾಕತೊಡಗಿದಳು. ಸಂಜೆ ಆರಕ್ಕೆ ಹಾಡು ಶುರುವಾದರೆ ಆರೂ ಐದಕ್ಕೆ ತಾತ ಎದ್ದು ಬೀದಿ ಕೊನೆಯ ಅರಳೀಕಟ್ಟೆಗೆ ಹೋಗಿಬಿಡುತ್ತಿದ್ದರು. ಮೊದಲು ಆ ಹೊತ್ತಿನಲ್ಲಿ ಇಬ್ಬರೂ ಒಟ್ಟಿಗೆ ಕೂತು ಕಡಲೇಕಾಯಿ ತಿನ್ನುತ್ತಿದ್ದರು.

“ಮಾಮ, ನಾನು ಹಾಡು ಹಾಕಿದ್ರೆ ತಾತ ಎದ್ದು ಹೋಗ್ತಾನೆ. ಹಾಕದೇ ಇದ್ರೆ ಅಪ್ಪನ ನೆನಪಾಗುತ್ತೆ. ಏನು ಮಾಡ್ಲಿ?” ಎಂದು ಅವಳು ನನ್ನನ್ನು ಕೇಳಿದಳು. ನಾನು ಅವರ ನೆರೆಮನೆಯವನು, ಹಾಡು ಕೇಳುವ ಹುಚ್ಚಿನವನು. ಹೀಗೆ ಒಂದು ಶನಿವಾರ ನಾವು ಮೂವರೂ ತಾತನ ಕಿವಿಗೆ ಒಗ್ಗುವ ರಾಕ್ ಹುಡುಕಿಕೊಂಡು ಬಿನ್ನಿಪೇಟೆಯಿಂದ ಎಸ್‌.ಪಿ. ರಸ್ತೆಯವರೆಗೆ ನಡೆದುಬಂದೆವು.

ಕೀರಲು ಶಬ್ದ ಎಲ್ಲಿ ಹುಟ್ಟುತ್ತದೆ?

ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಹಾಡು ಕರ್ಕಶವಾಗಿ ಕೇಳಿದರೆ ನಾಲ್ಕು ಜಾಗದಲ್ಲಿ ಕಾರಣ ಇರಬಹುದು: ತಟ್ಟೆಯಲ್ಲಿ, ಅದನ್ನು ನುಡಿಸುವ ಯಂತ್ರದಲ್ಲಿ, ಕೋಣೆಯಲ್ಲಿ, ಕೊನೆಗೆ ಕೇಳುವ ಕಿವಿಯಲ್ಲಿ.

ಮೊದಲು ಕಿವಿ. ನಮ್ಮ ಕಿವಿಯ ಹೊರಗಿನ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಮೊಳಗುತ್ತದಲ್ಲ, ಹಾಗೆಯೇ ಈ ಕೊಳವೆ 3000 ಹರ್ಟ್ಸ್ ಸುತ್ತಮುತ್ತಲಿನ ಸ್ವರಗಳನ್ನು ತಾನಾಗಿಯೇ ದೊಡ್ಡದು ಮಾಡುತ್ತದೆ. ಮಗುವಿನ ಅಳು, ಬ್ರೇಕ್ ಹಾಕಿದ ಬಸ್ಸಿನ ಕಿರುಚು, ರಾಕ್ ಹಾಡಿನ ಎಲೆಕ್ಟ್ರಿಕ್ ಗಿಟಾರಿನ ಚೀರು, ಎಲ್ಲವೂ ಈ ಭಾಗದಲ್ಲೇ ಗುಂಪುಗೂಡುತ್ತವೆ. ಆದ್ದರಿಂದ ಅವು ಎಲ್ಲರಿಗೂ ಬೇಗ ಚುಚ್ಚುತ್ತವೆ.

ತಾತನ ವಿಷಯ ಇನ್ನೂ ಸೂಕ್ಷ್ಮ. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಅಂಗವೊಂದಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು ಶಬ್ದವನ್ನು ಹಿಡಿದು ಮಿದುಳಿಗೆ ಕಳಿಸುತ್ತವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ವರ್ಷಗಟ್ಟಲೆ ದೊಡ್ಡ ಶಬ್ದದಲ್ಲಿ ದುಡಿದವರಿಗೆ ಮೊದಲು ಏಟು ಬೀಳುವುದು 4000 ಹರ್ಟ್ಸ್ ಹತ್ತಿರದ ಸ್ವರಗಳನ್ನು ಕೇಳುವ ಶಕ್ತಿಗೆ. ಹಾಗಾದರೆ ತಾತನಿಗೆ ಗಿಟಾರಿನ ಚೀರು ಕಡಿಮೆ ಕೇಳಬೇಕಿತ್ತಲ್ಲ ಎಂದು ನೀವು ಕೇಳಬಹುದು. ವಿಚಿತ್ರ ಇರುವುದೇ ಇಲ್ಲಿ. ಇಂಥ ಕಿವಿಗೆ ಮೆಲ್ಲನೆಯ ಶಬ್ದ ಕೇಳುವುದೇ ಇಲ್ಲ. ಆದರೆ ಶಬ್ದ ಒಂದು ಮಟ್ಟ ದಾಟಿತೋ, ತಟ್ಟನೆ ತೀರಾ ದೊಡ್ಡದಾಗಿ ಬಡಿಯುತ್ತದೆ. “ಏನಂದೆ?” ಎಂದು ಎರಡು ಸಲ ಕೇಳುವ ಅಜ್ಜನೇ “ಯಾಕೆ ಕಿರುಚ್ತೀಯ?” ಎಂದು ಗದರುವುದು ಇದರಿಂದಲೇ. ಮಕ್ಕಳೇ, ಅದು ಅವರ ಮುಂಗೋಪ ಅಲ್ಲ. ಅಂಥವರನ್ನು ಶ್ರವಣ ತಜ್ಞರಿಗೆ ತೋರಿಸುವುದು ಒಳ್ಳೆಯದು. ನಮ್ಮ ರಾಜ್ಯದಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕಾಗಿ ಇದೆ.

ಇನ್ನು ತಟ್ಟೆ. ಎಲ್‌ಪಿಯ ಗೆರೆ ಹೊರಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುತ್ತದೆ. ತಟ್ಟೆ ಸುತ್ತುವುದು ಯಾವಾಗಲೂ ನಿಮಿಷಕ್ಕೆ 33⅓ ಸಲ. ಆದರೆ ಹೊರಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಮುಳ್ಳಿನ ಕೆಳಗೆ ಹಾದುಹೋದರೆ, ಒಳಗಿನ ಕೊನೆಯ ಹಾಡಿನಲ್ಲಿ ಹಾದುಹೋಗುವುದು 20 ಸೆಂಟಿಮೀಟರ್ ಚಿಲ್ಲರೆ. ದೊಡ್ಡ ಹಾಳೆಯಲ್ಲಿ ಬರೆಯುವ ವಿಷಯವನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದ ಹಾಗೆ, ಅಲ್ಲಿ ಅಕ್ಷರ ಇಕ್ಕಟ್ಟಾಗುತ್ತದೆ. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡು ಮೊದಲನೆಯದಕ್ಕಿಂತ ಒರಟಾಗಿ ಕೇಳುವುದುಂಟು. ತಾತನಿಗೆ ಮೊದಲ ಹಾಡೂ ಕೊನೆಯ ಹಾಡೂ ಕೇಳಿಸಿದೆವು. ಎರಡಕ್ಕೂ ಮುಖ ಕಿವುಚಿದರು. ಅಂದರೆ ದೋಷ ಬರೀ ತಟ್ಟೆಯಲ್ಲಿಲ್ಲ.

ತಂತಿ ಎಲ್ಲಿಗೆ ಹೋಗಿದೆ ನೋಡಿ

ಯಂತ್ರದ ಹಿಂಬದಿ ನೋಡಿದಾಗ ಮುಖ್ಯ ಕಾರಣ ಸಿಕ್ಕಿತು. ಟರ್ನ್‌ಟೇಬಲ್‌ನ ತಂತಿಯನ್ನು ನೇರವಾಗಿ ಟೀವಿಗೆ ಜೋಡಿಸುವ ಪುಟ್ಟ ಸ್ಪೀಕರ್ ಸೆಟ್ಟಿಗೆ ಚುಚ್ಚಿದ್ದರು. ಹಳೇ ಟರ್ನ್‌ಟೇಬಲ್ ಇಳಿಸಿದ ಎಷ್ಟೋ ಮನೆಗಳಲ್ಲಿ ಹೀಗೇ ಆಗುತ್ತದೆ. ಇದರ ಗುಟ್ಟು ತಿಳಿದರೆ ನಿಮಗೂ ಉಪಯೋಗ.

ತಗ್ಗಿನ ಸ್ವರ, ಅಂದರೆ ಬೇಸ್, ಮುಳ್ಳನ್ನು ಅಗಲವಾಗಿ ಓಲಾಡಿಸುತ್ತದೆ. ಅದನ್ನು ಇದ್ದಂತೆಯೇ ಕೊರೆದರೆ ಗೆರೆಗಳು ತಟ್ಟೆಯ ಜಾಗವನ್ನೆಲ್ಲಾ ತಿಂದುಬಿಡುತ್ತವೆ. ಆದ್ದರಿಂದ ತಟ್ಟೆ ತಯಾರಿಸುವಾಗ ಬೇಸನ್ನು ಬೇಕೆಂದೇ ಕುಗ್ಗಿಸಿ, ಮೇಲಿನ ಸ್ವರಗಳನ್ನು, ಅಂದರೆ ಟ್ರೆಬಲ್ ಅನ್ನು, ಹಿಗ್ಗಿಸಿ ಕೊರೆಯುತ್ತಾರೆ. ನುಡಿಸುವಾಗ ಇದನ್ನು ತಿರುವುಮುರುವು ಮಾಡಿ ಸರಿಪಡಿಸಬೇಕು. ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬುದಕ್ಕೆ ತಟ್ಟೆ ತಯಾರಕರು 1954ರ ಸುಮಾರಿಗೆ ಒಂದೇ ಅಳತೆಗೆ ಒಪ್ಪಿದರು. ಅದಕ್ಕೆ ಆರ್‌ಐಎಎ ಎಂದು ಹೆಸರು. ಆ ಅಳತೆಯಲ್ಲಿ ಎರಡು ತುದಿಗಳಲ್ಲೂ ಸುಮಾರು 20 ಡೆಸಿಬೆಲ್‌ನಷ್ಟು ತಿದ್ದುಪಡಿ ಇದೆ. ಇದನ್ನು ಮಾಡುವ ಚಿಕ್ಕ ಪೆಟ್ಟಿಗೆಯೇ ಫೋನೊ ಪ್ರೀಆಂಪ್. ಹಳೇ ಆಂಪ್ಲಿಫೈಯರುಗಳಲ್ಲಿ ಇದು ಒಳಗೇ ಇರುತ್ತಿತ್ತು, ಹಿಂದುಗಡೆ ‘ಫೋನೊ’ ಎಂದು ಬರೆದಿರುತ್ತಿತ್ತು. ಈಗಿನ ಎಷ್ಟೋ ಸೆಟ್ಟುಗಳಲ್ಲಿ ಇಲ್ಲ.

ಆ ಪೆಟ್ಟಿಗೆ ಇಲ್ಲದೆ ಎಲ್‌ಪಿ ನುಡಿಸಿದರೆ ಏನಾಗುತ್ತದೆ? ಬೇಸ್ ಮಾಯ, ಟ್ರೆಬಲ್ ಮಾತ್ರ ಕೊಬ್ಬುತ್ತದೆ. ಸಾರಿಗೆ ಬೇಳೆಯೇ ಹಾಕದೆ ಮೆಣಸಿನಪುಡಿ ಮಾತ್ರ ಸುರಿದಂತೆ! ಜೊತೆಗೆ ಟರ್ನ್‌ಟೇಬಲ್‌ನಿಂದ ಬರುವ ವಿದ್ಯುತ್ತು ಕೆಲವೇ ಸಾವಿರಾಂಶ ವೋಲ್ಟು. ಅದು ಕೇಳಲಿ ಎಂದು ಹುಡುಗಿ ವಾಲ್ಯೂಮನ್ನು ಪೂರ್ತಿ ತಿರುಗಿಸಿದ್ದಳು. ಪಾಪ, ತಾತ ಎದ್ದು ಹೋಗದೆ ಇನ್ನೇನು ಮಾಡಿಯಾರು?

ಅರಳೆಪೇಟೆಯಿಂದ ಬಳೇಪೇಟೆಗೆ

ಫೋನೊ ಪ್ರೀಆಂಪ್ ಬೇಕಲ್ಲ, ಹೊರಟೆವು. ಬಿನ್ನಿಪೇಟೆ ದಾಟಿ ಕಾಟನ್‌ಪೇಟೆಗೆ ಬಂದಾಗ ತಾತ ನಿಂತರು. “ಇದರ ಹಳೇ ಹೆಸರು ಅರಳೆಪೇಟೆ ಕಣಮ್ಮ. ಅರಳೆ ಅಂದ್ರೆ ಹತ್ತಿ” ಎಂದು ಮೊಮ್ಮಗಳಿಗೆ ಹೇಳಿದರು. ತವಕ್ಕಲ್ ಮಸ್ತಾನ್ ದರ್ಗಾ ಇರುವುದೂ ಇದೇ ಬೀದಿಯಲ್ಲಿ. ಬೆಂಗಳೂರು ಕರಗ ಪ್ರತಿ ವರ್ಷ ಆ ದರ್ಗಾಕ್ಕೆ ಬಂದು ಹೋಗುತ್ತದೆ. ಚೈತ್ರದ ಹುಣ್ಣಿಮೆ ರಾತ್ರಿ ಈ ಬೀದಿಯಲ್ಲಿ ನಿಂತು ಕರಗ ನೋಡಿದ್ದನ್ನು ತಾತ ದಾರಿಯುದ್ದಕ್ಕೂ ಹೇಳಿದರು.

ಅಲ್ಲಿಂದ ಬಳೇಪೇಟೆ. ಇಲ್ಲಿ ಸಂಗೀತ ವಾದ್ಯಗಳ ಹಳೇ ಅಂಗಡಿಗಳಿವೆ. ವೀಣೆ, ತಂಬೂರಿ, ಮೃದಂಗ, ತಬಲ, ಹಾರ್ಮೋನಿಯಂ ಎಲ್ಲವನ್ನೂ ಬಾಗಿಲವರೆಗೆ ಜೋಡಿಸಿರುತ್ತಾರೆ. ಒಂದು ಅಂಗಡಿಯಲ್ಲಿ ತಂಬೂರಿಗೆ ಶ್ರುತಿ ಮಾಡುತ್ತಿದ್ದರು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಸಣ್ಣ ಹತ್ತಿ ದಾರ ಇಡುತ್ತಾರೆ. ಅದಕ್ಕೆ ಜೀವ ಎನ್ನುತ್ತಾರೆ. ದಾರವನ್ನು ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು, ಮಂಕಾಗಿದ್ದ ತಂತಿ ಜುಂಯ್ ಎಂದು ತುಂಬಿ ಮೊಳಗುತ್ತದೆ. ಜಾಸ್ತಿ ಸರಿಸಿದರೆ ಅದೇ ತಂತಿ ಕರಕರ ಎನ್ನುತ್ತದೆ. ತಂತಿ, ಬುರುಡೆ ಯಾವುದನ್ನೂ ಬದಲಿಸಿಲ್ಲ. ಒಂದು ಎಳೆ ದಾರದ ಜಾಗ ಬದಲಾಯಿತು ಅಷ್ಟೆ.

“ಹಾಗಾದ್ರೆ ಸ್ಪೀಕರನ್ನೂ ಸ್ವಲ್ಪ ಸರಿಸಿದ್ರೆ ಹಾಡು ಬದಲಾಗುತ್ತಾ?” ಎಂದಳು ಹುಡುಗಿ. ಬದಲಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರೋಣ.

ಚಿಕ್ಕಪೇಟೆಯ ರೇಷ್ಮೆ ಅಂಗಡಿಗಳ ನಡುವೆ ಜನರನ್ನು ತಳ್ಳಿಕೊಂಡು, ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳನ್ನು ದಾಟಿ, ಎಸ್‌.ಪಿ. ರಸ್ತೆಗೆ ಬಂದೆವು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಬೆಂಗಳೂರಿನಲ್ಲಿ ರೇಡಿಯೊ ರಿಪೇರಿ ಕಲಿತವರು, ಎಂಜಿನಿಯರಿಂಗ್ ಪ್ರಾಜೆಕ್ಟು ಮಾಡುವ ಹುಡುಗರು, ಕಂಪ್ಯೂಟರ್ ಬಿಚ್ಚುವವರು ಎಲ್ಲರೂ ಒಮ್ಮೆಯಾದರೂ ತುಳಿದ ಬೀದಿ ಇದು. ಕೈಯಗಲದ ಅಂಗಡಿಯಲ್ಲಿ ಸಾವಿರ ಬಗೆಯ ತಂತಿ, ಪಿನ್ನು, ಕೆಪಾಸಿಟರು. ಫೋನೊ ಪ್ರೀಆಂಪ್ ಸಿಕ್ಕಿತು. ಗಾತ್ರದಲ್ಲಿ ಒಂದು ಸೋಪಿನ ಪೆಟ್ಟಿಗೆಗಿಂತ ದೊಡ್ಡದೇನಲ್ಲ.

ಜೊತೆಗೆ ಹೊಸ ಮುಳ್ಳನ್ನೂ ಕೊಂಡೆವು. ಎಲ್‌ಪಿಯ ಮುಳ್ಳು ವಜ್ರದ ಚೂರಾದರೂ 500ರಿಂದ 1000 ಗಂಟೆ ನುಡಿಸುವಷ್ಟರಲ್ಲಿ ಸವೆದಿರುತ್ತದೆ. ಸವೆದ ಮುಳ್ಳು ಹಾಡನ್ನು ಹರಿದಂತೆ ಕೇಳಿಸುವುದಲ್ಲದೆ ತಟ್ಟೆಯನ್ನೂ ಕೆರೆಯುತ್ತದೆ. ಉರುಟು ತುದಿಯ ಮುಳ್ಳಿಗಿಂತ ಮೊಟ್ಟೆಯಾಕಾರದ ತುದಿಯ ಮುಳ್ಳು, ನಾನಾಗಲೇ ಹೇಳಿದ ಆ ಇಕ್ಕಟ್ಟಿನ ಒಳಗೆರೆಗಳನ್ನು ಚೆನ್ನಾಗಿ ಓದುತ್ತದೆ. ನಿಮ್ಮ ಮನೆಯಲ್ಲಿ ಕ್ಯಾಸೆಟ್ ಇದ್ದರೆ ಅದಕ್ಕೂ ಇಂಥದೇ ಒಂದು ಮಾತಿದೆ. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಡಾಲ್ಬಿ ಗುಂಡಿ ಒತ್ತದೆ ನುಡಿಸಿದರೆ ಟ್ರೆಬಲ್ ಚುಚ್ಚುತ್ತದೆ.

ರೇಷ್ಮೆಯ ಗುಮ್ಮಟ

ಪ್ರೀಆಂಪ್, ಮುಳ್ಳು ಎರಡರಿಂದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಆಯಿತು. ಆದರೆ ಆ ಪುಟ್ಟ ಪ್ಲಾಸ್ಟಿಕ್ ಸ್ಪೀಕರುಗಳಲ್ಲಿ ಬೇಸ್ ಬರುವಷ್ಟು ಜಾಗವೇ ಇರಲಿಲ್ಲ. ಹಾಗಾಗಿ ಮುಂದಿನ ವಾರ ಸ್ಪೀಕರ್ ನೋಡಲು ಹೋದೆವು. ತಾತನನ್ನೂ ಕರೆದುಕೊಂಡೇ ಹೋದೆವು.

ಸಾಮಾನ್ಯ ಸ್ಪೀಕರಿನಲ್ಲಿ ದೊಡ್ಡದೊಂದು ಕೋನ್ ಇರುತ್ತದೆ, ಅದು ಬೇಸಿಗೆ ಮತ್ತು ನಡುಸ್ವರಕ್ಕೆ. ಮೇಲೆ ಗೋಲಿಯ ಅರ್ಧದಂತೆ ಉಬ್ಬಿದ ಪುಟ್ಟ ಗುಮ್ಮಟ ಇರುತ್ತದೆ, ಅದು ಟ್ರೆಬಲ್‌ಗೆ. ಅದಕ್ಕೆ ಟ್ವೀಟರ್ ಎನ್ನುತ್ತಾರೆ. ಈ ಗುಮ್ಮಟವನ್ನು ಕೆಲವರು ಅಲ್ಯುಮಿನಿಯಂನಲ್ಲಿ ಮಾಡುತ್ತಾರೆ. ಕೆಲವರು ಬಟ್ಟೆಯಲ್ಲಿ, ಎಷ್ಟೋ ಸಲ ರೇಷ್ಮೆ ಬಟ್ಟೆಯಲ್ಲಿ, ಮಾಡುತ್ತಾರೆ. ಇದನ್ನು ಕೇಳಿ ತಾತನ ಕಣ್ಣು ಅರಳಿತು. “ರೇಷ್ಮೆ ಹಾಡುತ್ತಾ?” ಎಂದರು. ಹೌದು, ಬಟ್ಟೆಯ ಗುಮ್ಮಟ ಲೋಹದ ಹಾಗೆ ಠಣ್ಣೆಂದು ಮೊಳಗುವುದಿಲ್ಲ, ತನ್ನ ಕಂಪನವನ್ನು ತಾನೇ ಹೀರಿಕೊಳ್ಳುತ್ತದೆ. ಹಾಗೆಂದು ರೇಷ್ಮೆ ಎಂದು ಬರೆದದ್ದೆಲ್ಲಾ ಇಂಪು, ಲೋಹವೆಲ್ಲಾ ಕರ್ಕಶ ಎನ್ನುವ ಹಾಗಿಲ್ಲ. ಸ್ಪೀಕರ್ ಮಾಡಿದವರು ಟ್ವೀಟರಿಗೆ ಎಷ್ಟು ಜೋರು ಕೊಟ್ಟಿದ್ದಾರೆ ಎಂಬುದೇ ಮುಖ್ಯ. ಅದು ತಿಳಿಯಬೇಕಾದರೆ ಕೂತು ಕೇಳಬೇಕು.

ಕೇಳುವುದಕ್ಕೂ ಒಂದು ಕ್ರಮವಿದೆ. ಅಂಗಡಿಯವರು ಹಾಕುವ ನುಣುಪಾದ ಹೊಸ ಹಾಡು ಎಂಥ ಸ್ಪೀಕರಿನಲ್ಲೂ ಚೆನ್ನಾಗಿ ಕೇಳುತ್ತದೆ. ನಿಮ್ಮ ಮನೆಯ ತೀರಾ ಒರಟು ತಟ್ಟೆಯನ್ನೇ ತೆಗೆದುಕೊಂಡು ಹೋಗಿ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ಜೋರೂ ಒಂದೇ ಇರಲಿ, ಯಾಕೆಂದರೆ ಸ್ವಲ್ಪ ಜೋರಾಗಿರುವುದೇ ಎಲ್ಲರಿಗೂ ಚೆಂದ ಅನ್ನಿಸಿಬಿಡುತ್ತದೆ. ಆಮೇಲೆ ಗೊತ್ತಿರುವ ದನಿಯೊಂದನ್ನು ಕೇಳಿ. ನಾವು ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿದ್ದನ್ನು ಹಾಕಿದೆವು. ಹುಡುಗಿ ಇದಕ್ಕೆ ಸ-ಶ-ಷ ಪರೀಕ್ಷೆ ಎಂದು ಹೆಸರಿಟ್ಟಳು. ಹಾಡಿನಲ್ಲಿ ಸ, ಶ, ಷ ಬಂದಾಗ ಕುಕ್ಕರಿನ ಹಬೆಯಂತೆ ಸುಯ್ ಎಂದರೆ ಟ್ರೆಬಲ್ ಜಾಸ್ತಿ. ಮೂರರ ವ್ಯತ್ಯಾಸವೇ ತಿಳಿಯದಿದ್ದರೆ, ಗಾಯಕರು ಕಂಬಳಿ ಹೊದ್ದು ಹಾಡಿದಂತಿದ್ದರೆ, ಟ್ರೆಬಲ್ ತೀರಾ ಕಡಿಮೆ. ಹಿತ ಇರುವುದು ನಡುವಿನಲ್ಲಿ.

ಮೊದಲನೇ ಜೋಡಿ ಎರಡು ನಿಮಿಷದಲ್ಲಿ ನಮ್ಮನ್ನೆಲ್ಲಾ ಬೆರಗುಗೊಳಿಸಿತು. ಝಲ್ ಎನ್ನುವ ತಾಳ, ಮಿಂಚಿನಂಥ ಗಿಟಾರು. ಹತ್ತು ನಿಮಿಷವಾಗುವಾಗ ತಾತನ ಕೈ ಕಿವಿಯ ಹತ್ತಿರ ಹೋಯಿತು. ಎರಡನೇ ಜೋಡಿ ಮೊದಲು ಸಪ್ಪೆ ಅನ್ನಿಸಿತು. ಕೋನ್ ಆರೂವರೆ ಇಂಚು, ಟ್ವೀಟರು ಬಟ್ಟೆಯದು. ಇಪ್ಪತ್ತು ನಿಮಿಷ ಕಳೆಯಿತು, ತಟ್ಟೆಯ ಒಂದು ಮಗ್ಗುಲು ಮುಗಿಯಿತು. ತಾತ ಕೂತೇ ಇದ್ದರು. “ಇದರಲ್ಲಿ ಡೋಲು ಕೇಳ್ತದೆ” ಎಂದರು. ಡ್ರಮ್ಮಿಗೆ ಅವರು ಡೋಲು ಎನ್ನುತ್ತಾರೆ. ಎರಡನೆಯದೇ ಮನೆಗೆ ಬಂತು.

ಆಂಪ್ಲಿಫೈಯರಿಗೆ ನಾವು ಇಟ್ಟ ಷರತ್ತು ಒಂದೇ: ಬೇಸ್, ಟ್ರೆಬಲ್ ತಿರುಗಿಸುವ ಎರಡು ಗುಂಡಿ ಇರಬೇಕು. ಇಂಗ್ಲೆಂಡಿನ ಪೀಟರ್ ಬ್ಯಾಕ್ಸಂಡಾಲ್ ಎಂಬ ಎಂಜಿನಿಯರು 1952ರಲ್ಲಿ ಇದಕ್ಕೊಂದು ಸರಳ ವಿದ್ಯುನ್ಮಂಡಲವನ್ನು ಪ್ರಕಟಿಸಿದರು. ಲಕ್ಷಾಂತರ ರೇಡಿಯೊ, ಟೇಪ್‌ರೆಕಾರ್ಡರುಗಳ ಗುಂಡಿಗಳ ಹಿಂದೆ ಇದ್ದದ್ದು ಅದೇ. ಈಚೆಗೆ ಕೆಲವು ದುಬಾರಿ ಸೆಟ್ಟುಗಳು ಹಾಡನ್ನು ಇದ್ದಂತೆಯೇ ಕೇಳಿ ಎಂದು ಈ ಗುಂಡಿಗಳನ್ನೇ ತೆಗೆದುಹಾಕಿವೆ. ಹಳೇ ರಾಕ್ ಕೇಳುವ ಮನೆಗೆ ಅವು ಬೇಕು. ಟ್ರೆಬಲ್ ಗುಂಡಿ ಗಡಿಯಾರದ 12ರಲ್ಲಿದ್ದರೆ 11ಕ್ಕೆ ತಿರುಗಿಸಿ, ಬೇಸನ್ನು ಒಂದಿಷ್ಟೇ ಏರಿಸಿ. ಅಷ್ಟು ಸಾಕು. ಅಜ್ಜನ ಕಾಲದ ವಾಲ್ವ್ ರೇಡಿಯೊದಂಥ ಬೆಚ್ಚನೆಯ ದನಿ ಬೇಕೆಂದು ವಾಲ್ವ್ ಆಂಪ್ಲಿಫೈಯರ್ ಕೊಳ್ಳುವವರೂ ಇದ್ದಾರೆ. ದನಿ ಮೃದು, ನಿಜ. ಆದರೆ ಬೆಲೆ ಜಾಸ್ತಿ, ಬಿಸಿ ಜಾಸ್ತಿ, ಒಳಗೆ ನೂರಾರು ವೋಲ್ಟು ಇರುತ್ತದೆ. ಮಕ್ಕಳು ಅದರ ಮುಚ್ಚಳ ತೆಗೆಯಲೇಬಾರದು.

ಉಣ್ಣೆ, ಹತ್ತಿ ಮತ್ತು ಕೋಣೆ

ಇನ್ನು ಉಳಿದದ್ದು ಕೋಣೆ. ತಾತನ ಮನೆಯ ಹಾಲಿನಲ್ಲಿ ನುಣುಪು ಟೈಲ್ಸ್ ನೆಲ, ಬಣ್ಣ ಬಳಿದ ಗೋಡೆ, ಗಾಜಿನ ಕಿಟಕಿ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಹಿಂದೆಯೇ ಚರ್ರ್ ಎಂದು ಪ್ರತಿಧ್ವನಿ. ಕಾಂಕ್ರೀಟು ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಪಾಲಿನಷ್ಟನ್ನು ಮಾತ್ರ ನುಂಗುತ್ತದೆ, ಉಳಿದದ್ದನ್ನೆಲ್ಲಾ ವಾಪಸು ಎಸೆಯುತ್ತದೆ. ನೆರಿಗೆ ನೆರಿಗೆಯಾಗಿ ಇಳಿಬಿಟ್ಟ ದಪ್ಪ ಪರದೆಯಾದರೆ, ಚುಚ್ಚುವ ಮೇಲಿನ ಸ್ವರಗಳಲ್ಲಿ ನೂರಕ್ಕೆ ಅರವತ್ತು, ಎಪ್ಪತ್ತು ಪಾಲು ನುಂಗಿಬಿಡುತ್ತದೆ. ತೆಳು ಬಟ್ಟೆಯಿಂದ ಅಷ್ಟು ಆಗುವುದಿಲ್ಲ. ಉಣ್ಣೆಯಂಥ ದಪ್ಪ, ರಂಧ್ರ ರಂಧ್ರವಾದ ಬಟ್ಟೆ ಬೇಕು.

ಅಜ್ಜಿ ಪೆಟ್ಟಿಗೆ ತೆರೆದು ಗಿರಣಿಯ ಕಾಲದ ಎರಡು ಉಣ್ಣೆ ಕಂಬಳಿ ತೆಗೆದರು. ಒಂದನ್ನು ಸ್ಪೀಕರಿನ ಮುಂದೆ ನೆಲಕ್ಕೆ ಹಾಸಿದೆವು. ಇನ್ನೊಂದನ್ನು ಕೂರುವ ಜಾಗದ ಹಿಂದಿನ ಗೋಡೆಗೆ, ಗೋಡೆಯಿಂದ ಒಂದು ಗೇಣು ಬಿಟ್ಟು, ತೂಗುಹಾಕಿದೆವು. ಕಿಟಕಿಗೆ ಹತ್ತಿಯ ದಪ್ಪ ಪರದೆ. ಮತ್ತೆ ಚಪ್ಪಾಳೆ ತಟ್ಟಿದರೆ ಪಟ್ ಎಂದು ಅಲ್ಲಿಗೇ ನಿಂತಿತು. ಉಣ್ಣೆ, ಹತ್ತಿ, ಟ್ವೀಟರಿನಲ್ಲಿ ರೇಷ್ಮೆ. ಮಿಲ್ಲಿನ ಹೆಸರಿನಲ್ಲಿದ್ದ ಮೂರೂ ಕೆಲಸಕ್ಕೆ ಬಂದವು.

ಹೀಗೆ ಬಟ್ಟೆ ಹೊದಿಸುವುದು ನಮ್ಮದೊಂದೇ ಉಪಾಯವಲ್ಲ. ಹುಡುಗಿಯ ಅಪ್ಪನ ಪೆಟ್ಟಿಗೆಯಲ್ಲಿದ್ದ ಡೀಪ್ ಪರ್ಪಲ್ ತಂಡದ ‘ಮಷೀನ್ ಹೆಡ್’ 1972ರಲ್ಲಿ ಹೊರಬಂದ ತಟ್ಟೆ. ಅದನ್ನು ಮುದ್ರಿಸಿದ್ದು 1971ರ ಡಿಸೆಂಬರಿನಲ್ಲಿ, ಸ್ವಿಟ್ಜರ್ಲೆಂಡಿನ ಮಾಂತ್ರೊ ಊರಿನಲ್ಲಿ. ಅವರು ಗೊತ್ತುಮಾಡಿಕೊಂಡಿದ್ದ ಸಭಾಂಗಣಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಕೊನೆಗೆ ಚಳಿಗಾಲಕ್ಕೆಂದು ಬಾಗಿಲು ಹಾಕಿದ್ದ ದೊಡ್ಡ ಹೋಟೆಲೊಂದರ ಓಣಿಯಲ್ಲಿ ವಾದ್ಯಗಳನ್ನಿಟ್ಟು, ಪ್ರತಿಧ್ವನಿ ತಡೆಯಲು ಹಾಸಿಗೆಗಳನ್ನು ನಿಲ್ಲಿಸಿ ನುಡಿಸಿದರು. ಮುಂದೆ 2001ರಲ್ಲಿ ಆ ತಂಡ ನಮ್ಮ ಬೆಂಗಳೂರಿಗೂ ಬಂದು ನುಡಿಸಿತು. “ಅವರೂ ಹಾಸಿಗೆ ನಿಲ್ಲಿಸಿದ್ರಾ?” ಎಂದು ಅಜ್ಜಿಗೆ ನಗುವೋ ನಗು.

ಬಳೇಪೇಟೆಯಲ್ಲಿ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರವನ್ನೂ ಅದೇ ದಿನ ಕಂಡುಕೊಂಡೆವು. ಟ್ವೀಟರಿನ ಚುರುಕು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಸ್ಪೀಕರುಗಳ ಮುಖವನ್ನು ತಾತನ ಕಿವಿಯತ್ತ ತಿರುಗಿಸದೆ ನೇರವಾಗಿಟ್ಟರೆ, ಒಂದು ರೂಪಾಯಿ ಖರ್ಚಿಲ್ಲದೆ ಚುಚ್ಚು ಕಮ್ಮಿಯಾಗುತ್ತದೆ. ಹಿಂದಿನ ಗೋಡೆಗೆ ತುಸು ಹತ್ತಿರ ಸರಿಸಿದರೆ ಬೇಸ್ ತುಂಬಿಕೊಳ್ಳುತ್ತದೆ. ತೀರಾ ಮೂಲೆಗೆ ಇಟ್ಟರೆ ಗುಮ್ಮೆನ್ನುತ್ತದೆ.

ಇಷ್ಟೆಲ್ಲಾ ಮಾಡಿದರೂ ಬಗ್ಗದ ಹಾಡುಗಳಿವೆ. ಸ್ಟೂಜಸ್ ತಂಡದ 1973ರ ‘ರಾ ಪವರ್’ ಅನ್ನು 1997ರಲ್ಲಿ ಮತ್ತೆ ಸಿದ್ಧಪಡಿಸಿ ಸಿಡಿ ಮಾಡಿದಾಗ ಎಷ್ಟು ಜೋರು ಮಾಡಿದರೆಂದರೆ, ಶಬ್ದದ ಅಲೆಯ ತಲೆಯೇ ಕತ್ತರಿಸಿಹೋಗಿದೆ. ಹಾಗೆ ಕತ್ತರಿಸಿದ್ದನ್ನು ಯಾವ ಯಂತ್ರವೂ ಮತ್ತೆ ಬೆಳೆಸಲಾರದು. ಅಂಥದ್ದಕ್ಕೆ ವಾಲ್ಯೂಮ್ ಇಳಿಸುವುದೊಂದೇ ಮದ್ದು. ಹೆಡ್‌ಫೋನ್ ಹಾಕಿಕೊಂಡರಾಯಿತಲ್ಲ ಎನ್ನುವ ಮಕ್ಕಳಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ ಮಾತ್ರ. ತಾತ ಹೊಟ್ಟೆಪಾಡಿಗಾಗಿ ಕಳೆದುಕೊಂಡದ್ದನ್ನು ನೀವು ಸುಮ್ಮನೆ ಕಳೆದುಕೊಳ್ಳಬೇಡಿ.

ನಿಮ್ಮ ಮನೆಯಲ್ಲೂ ಹಳೇ ಹಾಡು ಚುಚ್ಚುತ್ತಿದ್ದರೆ, ಖರ್ಚು ಕಡಿಮೆ ಇರುವುದರಿಂದ ಶುರು ಮಾಡಿ. ಮೊದಲು ಚಪ್ಪಾಳೆ ತಟ್ಟಿ ನೋಡಿ, ಬೇಕಿದ್ದರೆ ಕಂಬಳಿ ಹಾಸಿ. ಸ್ಪೀಕರಿನ ಮುಖ ತಿರುಗಿಸಿ. ತಂತಿ ಫೋನೊ ಜಾಗಕ್ಕೇ ಹೋಗಿದೆಯೇ ನೋಡಿ. ಮುಳ್ಳು ಬದಲಿಸಿ. ಟ್ರೆಬಲ್ ಒಂದು ಗೆರೆ ಇಳಿಸಿ. ಇಷ್ಟಾದ ಮೇಲೂ ಬೇಕೆನಿಸಿದರೆ ಸ್ಪೀಕರ್ ಕೊಳ್ಳಿ. ಹೊಸದೇ ಆಗಬೇಕೆಂದಿಲ್ಲ. ಹಳೆಯದಾದರೆ ಕೋನಿನ ಅಂಚಿನ ಸ್ಪಂಜು ಪುಡಿಯಾಗಿಲ್ಲ ತಾನೇ ಎಂದು ಮುಟ್ಟಿ ನೋಡಿ.

ಅಂಗಡಿಗೆ ಹೋಗುವಾಗ ಮನೆಯಲ್ಲಿ ಎಲ್ಲರಿಗಿಂತ ನಾಜೂಕು ಕಿವಿ ಯಾರದ್ದೋ ಅವರನ್ನು ಕರೆದುಕೊಂಡು ಹೋಗಿ. ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಅವರು ಎದ್ದು ಹೋಗದೆ ಕೂತರೆ, ಅದೇ ನಿಮ್ಮ ಮನೆಯ ಸ್ಪೀಕರು.